ನಿಮ್ಮ ಆಂಟಿವೈರಸ್‌ಗೆ ಗೊತ್ತಿರುವುದು ಯಾವ ತಾರೀಖಿನವರೆಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ, ಅಂದರೆ ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ರಿಪೇರಿ, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೆ ನೆಂಟರು, ಪರಿಚಯದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮದು ಹಳೇ ಕಂಪ್ಯೂಟರು. ಒಳ್ಳೇ ಆಂಟಿವೈರಸ್ ಒಂದು ಹಾಕಿಸಿಬಿಟ್ಟರೆ ಸಾಕಲ್ವಾ? ಯಾವುದು ಹಾಕಿಸಲಿ?"

ತಿಪಟೂರಿನಲ್ಲಿರುವ ನನ್ನ ಚಿಕ್ಕಪ್ಪನೂ ಇದನ್ನೇ ಕೇಳಿದರು. ಊರಿಗೆ ಹೋದಾಗ ಅವರ ಕಂಪ್ಯೂಟರ್ ತೆರೆದು ನೋಡಿದೆ. ಆಂಟಿವೈರಸ್ ಆಗಲೇ ಇತ್ತು. ದುಡ್ಡು ಕೊಟ್ಟು ತಗೊಂಡಿದ್ದು, ಅಂಗಡಿಯವರೇ ಹಾಕಿಕೊಟ್ಟಿದ್ದು. ಆದರೆ ಅದರೊಳಗೆ ಕೊನೆಯ ಅಪ್‌ಡೇಟ್ ಅನ್ನುವ ಸಾಲಿನ ಎದುರಿಗಿದ್ದ ತಾರೀಖು 14 ತಿಂಗಳು ಹಿಂದಿನದು. ಒಂದು ವರ್ಷದ ಚಂದಾ ಮುಗಿದುಹೋಗಿತ್ತು. ಮುಗಿದಿದೆ ಅನ್ನುವ ಸಂದೇಶ ದಿನಾ ಬರುತ್ತಿತ್ತು, ಚಿಕ್ಕಪ್ಪ ದಿನಾ ಅದನ್ನು ಮುಚ್ಚುತ್ತಿದ್ದರು. ಇಂಗ್ಲಿಷಿನಲ್ಲಿ ಬರುವ ಇಂಥ ಸಂದೇಶಗಳನ್ನು ಓದದೆ ಮುಚ್ಚುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ.

ಆ ತಾರೀಖು ಯಾಕೆ ಅಷ್ಟು ಮುಖ್ಯ ಅನ್ನುವುದು ಅರ್ಥವಾದರೆ, ಯಾವ ಆಂಟಿವೈರಸ್ ಹಾಕಿಸಬೇಕು ಅನ್ನುವ ಪ್ರಶ್ನೆ ಅರ್ಧ ಬಗೆಹರಿದಂತೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ವೈರಸ್ ಅಂದರೆ ಏನು?

ಕಂಪ್ಯೂಟರ್ ವೈರಸ್ ಕೂಡ ಒಂದು ಪ್ರೋಗ್ರಾಮೇ. ವರ್ಡ್, ಟ್ಯಾಲಿ, ಕ್ಯಾಲ್ಕುಲೇಟರ್ ಹೇಗೋ ಹಾಗೇ, ಯಾರೋ ಕೂತು ಬರೆದದ್ದು. ಅದು ತಾನಾಗಿ ಹುಟ್ಟುವುದಿಲ್ಲ, ಧೂಳಿನಿಂದ ಬರುವುದಿಲ್ಲ. ಪಿಸಿಗಳಿಗೆ ಹರಡಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಅನ್ನು 1986ರಲ್ಲಿ ಬರೆದವರು ಪಾಕಿಸ್ತಾನದ ಲಾಹೋರಿನ ಇಬ್ಬರು ಸಹೋದರರು. ಅದರೊಳಗೆ ಅವರ ಅಂಗಡಿಯ ವಿಳಾಸ, ಫೋನ್ ನಂಬರ್ ಕೂಡ ಇತ್ತು. ಫ್ಲಾಪಿಯಿಂದ ಫ್ಲಾಪಿಗೆ ಹತ್ತಿಕೊಂಡು ಅದು ದೇಶ ದೇಶ ಸುತ್ತಿತು.

ನಾವು ಎಲ್ಲದಕ್ಕೂ ವೈರಸ್ ಅನ್ನುತ್ತೇವೆ. ಕೇಡು ಮಾಡುವ ಎಲ್ಲ ಪ್ರೋಗ್ರಾಮುಗಳಿಗೂ ಸೇರಿಸಿ ಇಟ್ಟ ಹೆಸರು ಮಾಲ್‌ವೇರ್. ಅದರಲ್ಲಿ ಬಗೆಗಳಿವೆ. ಮಾವಿನ ಕೊಂಬೆಗೆ ಬಂದಳಿಕೆ ಅಂಟಿಕೊಳ್ಳುವಂತೆ ಇನ್ನೊಂದು ಫೈಲಿಗೆ ಅಂಟಿಕೊಂಡು ಬೆಳೆಯುವುದು ವೈರಸ್. ಯಾರ ಸಹಾಯವೂ ಇಲ್ಲದೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ದಾಟುವುದು ವರ್ಮ್. ಉಪಯೋಗದ ವಸ್ತುವಿನ ವೇಷದಲ್ಲಿ ಬಂದು, ನಮ್ಮ ಕೈಯಿಂದಲೇ ಬಾಗಿಲು ತೆಗೆಸಿಕೊಳ್ಳುವುದು ಟ್ರೋಜನ್. ಫೋಟೋ, ದಾಖಲೆಗಳಿಗೆಲ್ಲ ಬೀಗ ಜಡಿದು ಬೀಗದಕೈಗೆ ದುಡ್ಡು ಕೇಳುವುದು ರಾನ್ಸಮ್‌ವೇರ್. ಇನ್ನೊಂದು ಜಾತಿ ಸದ್ದೇ ಮಾಡುವುದಿಲ್ಲ. ಬ್ರೌಸರ್‌ನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿಕೊಂಡು ತನ್ನ ಒಡೆಯನಿಗೆ ಕಳಿಸಿ ಸುಮ್ಮನಾಗುತ್ತದೆ. ಬ್ಯಾಂಕ್ ವ್ಯವಹಾರವನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡುವವರು ಜಾಸ್ತಿ ಹೆದರಬೇಕಾದ್ದು ಇದಕ್ಕೆ.

ಕಾವಲುಗಾರನ ಕೈಯಲ್ಲಿರುವ ಪಟ್ಟಿ

ಆಂಟಿವೈರಸ್ ಅಂದರೆ ಗೇಟಿನಲ್ಲಿ ನಿಂತ ಕಾವಲುಗಾರ. ಅವನ ಕೈಯಲ್ಲಿ ಕಳ್ಳರ ಪಟ್ಟಿ ಇದೆ. ಪಟ್ಟಿಯಲ್ಲಿ ಇರುವುದು ಫೋಟೋ ಅಲ್ಲ, ಹೆಬ್ಬೆಟ್ಟಿನ ಗುರುತು.

ಪ್ರತಿ ಫೈಲಿನಿಂದಲೂ ಲೆಕ್ಕ ಹಾಕಿ ಒಂದು ಸಂಖ್ಯೆಯನ್ನು ತೆಗೆಯಬಹುದು. ಒಂದು ಫೈಲಿನ ಸಂಖ್ಯೆ ಇನ್ನೊಂದಕ್ಕೆ ಬರುವುದಿಲ್ಲ, ನಮ್ಮ ಹೆಬ್ಬೆಟ್ಟಿನಂತೆ. ಕಂಪನಿಯವರು ಎಲ್ಲಾದರೂ ಹೊಸ ವೈರಸ್ ಸಿಕ್ಕಿದ ಕೂಡಲೇ ಅದರ ಗುರುತನ್ನು ತೆಗೆದು ಪಟ್ಟಿಗೆ ಸೇರಿಸುತ್ತಾರೆ. ನೀವು ಯಾವುದೇ ಫೈಲ್ ತೆರೆಯಲಿ, ಡೌನ್‌ಲೋಡ್ ಮಾಡಲಿ, ಕಾವಲುಗಾರ ಅದರ ಗುರುತನ್ನು ಪಟ್ಟಿಯ ಜೊತೆ ಹೋಲಿಸುತ್ತಾನೆ. ಹೊಂದಿದರೆ ಹಿಡಿದು ಬೇರೆ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅದಕ್ಕೆ ಕ್ವಾರಂಟೈನ್ ಅಂತಲೇ ಹೆಸರು. ಕೊರೋನಾ ಕಾಲದಲ್ಲಿ ನಾವೆಲ್ಲ ಕಲಿತ ಪದ.

ಇದರಲ್ಲಿ ಒಂದು ಕಷ್ಟವಿದೆ. ವೈರಸ್ ಬರೆಯುವವನು ತನ್ನ ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಿಸಿದರೂ ಹೆಬ್ಬೆಟ್ಟು ಪೂರ್ತಿ ಬದಲಾಗುತ್ತದೆ. ಅದಕ್ಕೇ ಪಟ್ಟಿಯಲ್ಲಿ ಇಡೀ ಫೈಲಿನ ಗುರುತಿನ ಜೊತೆಗೆ, ಒಳಗಿನ ಕೆಲವು ತುಣುಕುಗಳ ಚಹರೆಯೂ ಇರುತ್ತದೆ. ಹಾಗಿದ್ದೂ ಹೊಸಬರು ಬರುತ್ತಲೇ ಇರುತ್ತಾರೆ. ಜರ್ಮನಿಯ ಎವಿ-ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆ ದಿನವೊಂದಕ್ಕೆ 4.5 ಲಕ್ಷಕ್ಕೂ ಹೆಚ್ಚು ಹೊಸ ಕೇಡಿನ ಅಥವಾ ಬೇಡದ ಪ್ರೋಗ್ರಾಮುಗಳನ್ನು ದಾಖಲಿಸುತ್ತದೆ. ಬಹಳಷ್ಟು ಹಳೆಯದರದ್ದೇ ಬೇರೆ ಬೇರೆ ವೇಷ. ಆದರೂ ಚಿಕ್ಕಪ್ಪನ 14 ತಿಂಗಳಿಗೆ ಲೆಕ್ಕ ಹಾಕಿ ನೋಡಿ. 19 ಕೋಟಿ ದಾಟುತ್ತದೆ. ಅಷ್ಟರಲ್ಲಿ ಒಂದೇ ಒಂದು ಹೆಸರೂ ಅವರ ಕಾವಲುಗಾರನ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿ ಇಲ್ಲದವರನ್ನು ಹಿಡಿಯಲು ಇನ್ನೊಂದು ದಾರಿ ಇದೆ. ನಡತೆ ನೋಡುವುದು. ರಾತ್ರಿ ಎರಡು ಗಂಟೆಗೆ ಒಬ್ಬ ಬೀದಿಯಲ್ಲಿ ಮನೆ ಮನೆಯ ಚಿಲಕ ಅಲ್ಲಾಡಿಸುತ್ತಾ ಹೋಗುತ್ತಿದ್ದರೆ, ಅವನ ಹೆಸರು ಗೊತ್ತಿಲ್ಲದಿದ್ದರೂ ಕಾವಲುಗಾರ ತಡೆದು ಕೇಳುತ್ತಾನೆ ತಾನೇ? ಹಾಗೆಯೇ ಒಂದು ಪ್ರೋಗ್ರಾಮು ನಿಮ್ಮ ಫೋಟೋಗಳನ್ನು ಒಂದಾದ ಮೇಲೊಂದು ತೆರೆದು, ಓದಲಾಗದಂತೆ ಬದಲಿಸಿ ಮುಚ್ಚುತ್ತಿದ್ದರೆ ಆಂಟಿವೈರಸ್ ಅದನ್ನು ನಿಲ್ಲಿಸುತ್ತದೆ. ಇನ್ನೂ ಅನುಮಾನವಿದ್ದರೆ ಇಂಟರ್ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರುಗಳನ್ನು ಕೇಳುತ್ತದೆ. ಊರಿನ ಕಾವಲುಗಾರ ತಾಲೂಕಿನ ಠಾಣೆಗೆ ಫೋನ್ ಮಾಡಿ ವಿಚಾರಿಸಿದ ಹಾಗೆ. ಉತ್ತರ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಈ ಸವಲತ್ತು ಇಲ್ಲ.

ನಡತೆ ನೋಡಿ ಹಿಡಿಯುವಾಗ ತಪ್ಪೂ ಆಗುತ್ತದೆ. ಕನ್ನಡ ಟೈಪ್ ಮಾಡಲು ಬಳಸುವ ನುಡಿ, ಬರಹದಂಥ ತಂತ್ರಾಂಶಗಳನ್ನೇ ತಗೊಳ್ಳಿ. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು, ಕನ್ನಡ ಅಕ್ಷರ ಮಾಡಿ ಮುಂದಕ್ಕೆ ಕಳಿಸುವುದು ಅವುಗಳ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಒತ್ತಿದ ಕೀಲಿಯನ್ನೇ ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರಹ. ಇಂಥ ತಂತ್ರಾಂಶದ ಮೇಲೆ ಆಂಟಿವೈರಸ್ ಅನುಮಾನ ಪಟ್ಟರೆ ಗಾಬರಿಯಾಗಬೇಡಿ. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಂಡಿದ್ದೀರಾ ನೋಡಿ. ಅಲ್ಲಿಂದಲೇ ಆಗಿದ್ದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಬಹುದು. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾದರೆ ಕೊಡಬೇಡಿ, ಅಳಿಸಿ ಹೊಸದಾಗಿ ಇಳಿಸಿಕೊಳ್ಳಿ.

ಅಪ್‌ಡೇಟ್ ಅಂದರೆ ಒಂದಲ್ಲ, ಮೂರು

'ಅಪ್‌ಡೇಟ್ ಮಾಡಿ' ಅಂತ ಎಲ್ಲರೂ ಹೇಳುತ್ತಾರೆ. ಯಾವುದನ್ನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲನೆಯದು ಕಳ್ಳರ ಪಟ್ಟಿ. ಇದು ದಿನಕ್ಕೆ ಹಲವು ಸಲ ಬದಲಾಗುತ್ತದೆ, ಇಂಟರ್ನೆಟ್ ಇದ್ದರೆ ತಾನಾಗಿಯೇ ಬರುತ್ತದೆ. ಎರಡನೆಯದು ಕಾವಲುಗಾರನಿಗೇ ಕೊಡುವ ಹೊಸ ತರಬೇತಿ, ಅಂದರೆ ಆಂಟಿವೈರಸ್ ಪ್ರೋಗ್ರಾಮಿನ ಹೊಸ ಆವೃತ್ತಿ. ಇದು ಅಷ್ಟು ಬೇಗ ಬೇಗ ಬರುವುದಿಲ್ಲ. ಮೂರನೆಯದು ಆಂಟಿವೈರಸ್‌ಗೆ ಸೇರಿದ್ದೇ ಅಲ್ಲ. ಅದು ವಿಂಡೋಸ್‌ನ ರಿಪೇರಿ. ಮನೆಯ ಗೋಡೆಯಲ್ಲಿ ಬಿರುಕು ಕಂಡಾಗ ಗಾರೆ ಮೆತ್ತುವ ಹಾಗೆ, ವಿಂಡೋಸ್‌ನಲ್ಲಿ ಸಿಕ್ಕಿದ ತೂತುಗಳನ್ನು ಮೈಕ್ರೋಸಾಫ್ಟ್ ಮುಚ್ಚುತ್ತದೆ. 2003ರಿಂದ ಇದಕ್ಕೆ ದಿನ ಗೊತ್ತುಮಾಡಿದ್ದಾರೆ, ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದಲ್ಲಿ ಮಂಗಳವಾರ ಬೆಳಿಗ್ಗೆ ಬಿಡುಗಡೆಯಾಗುವುದರಿಂದ ನಮಗೆ ಸಿಗುವುದು ಮಂಗಳವಾರ ತಡರಾತ್ರಿ ಅಥವಾ ಬುಧವಾರ.

ಈ ಮೂರನೆಯದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಜಗತ್ತು 2017ರಲ್ಲಿ ನೋಡಿತು. ಆ ವರ್ಷ ಮಾರ್ಚ್ 14ರಂದು ವಿಂಡೋಸ್‌ನ ಒಂದು ದೊಡ್ಡ ತೂತಿಗೆ ಮೈಕ್ರೋಸಾಫ್ಟ್ ರಿಪೇರಿ ಕಳಿಸಿತು. ಮೇ 12ರಂದು 'ವಾನಾಕ್ರೈ' ಎಂಬ ರಾನ್ಸಮ್‌ವೇರ್ ಅದೇ ತೂತಿನಿಂದ ನುಗ್ಗಿತು. ನಡುವೆ 59 ದಿನ ಇತ್ತು. ಅಷ್ಟರಲ್ಲಿ ರಿಪೇರಿ ಹಾಕಿಕೊಂಡಿದ್ದವರಿಗೆ ಆ ದಾರಿ ಮುಚ್ಚಿತ್ತು. ಹಾಕಿಕೊಳ್ಳದವರ ಕಂಪ್ಯೂಟರಿನಲ್ಲಿ ಯಾರೂ ಏನನ್ನೂ ಕ್ಲಿಕ್ ಮಾಡುವ ಅಗತ್ಯವೇ ಇರಲಿಲ್ಲ. ನೆಟ್‌ವರ್ಕಿನ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಅದು ತಾನೇ ದಾಟಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದಕ್ಕೆ ಹೋದವು. ಪಕ್ಕದ ಆಂಧ್ರದಲ್ಲಿ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ಸಿಕ್ಕಿಬಿದ್ದವು.

"ಅಪ್‌ಡೇಟ್ ಮಾಡಿದರೇ ಕಂಪ್ಯೂಟರ್ ಹಾಳಾಗುತ್ತೆ" ಅನ್ನುವವರೂ ಇದ್ದಾರೆ. ಆ ಹೆದರಿಕೆ ಬುಡವಿಲ್ಲದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಆದರೆ ಅದು ಕಂಪನಿ, ಕಚೇರಿಗಳು ಬಳಸುವ ತಂತ್ರಾಂಶ, ಮನೆ ಬಳಕೆಯದ್ದಲ್ಲ. ಕಾರಣವಾಗಿದ್ದ ಫೈಲನ್ನು ಅಳಿಸಿದ ಮೇಲೆ ಯಂತ್ರಗಳು ಮತ್ತೆ ಎದ್ದವು, ದಾಖಲೆಗಳು ಹೋಗಲಿಲ್ಲ. ವಾನಾಕ್ರೈ ಬೀಗ ಹಾಕಿದ ಫೈಲುಗಳಲ್ಲಿ ಎಷ್ಟೋ ವಾಪಸ್ ಬರಲೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಪ್‌ಡೇಟ್ ಮಾಡುವುದೇ ಕ್ಷೇಮ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಯಾವುದನ್ನು ಹಾಕಿಸಬೇಕು?

ವಿಂಡೋಸ್ 10 ಅಥವಾ 11 ಇರುವ ಪ್ರತಿ ಕಂಪ್ಯೂಟರಿನಲ್ಲೂ ಒಂದು ಆಂಟಿವೈರಸ್ ಮೊದಲಿನಿಂದಲೇ ಇದೆ. ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. 2012ರ ವಿಂಡೋಸ್ 8ರಿಂದ ಅದು ವಿಂಡೋಸ್ ಜೊತೆಗೇ ಬರುತ್ತಿದೆ. ಪ್ರತ್ಯೇಕ ದುಡ್ಡು ಕೊಡಬೇಕಿಲ್ಲ, ಚಂದಾ ಮುಗಿಯುವುದಿಲ್ಲ, ನವೀಕರಣದ ನೆನಪು ಇಟ್ಟುಕೊಳ್ಳಬೇಕಿಲ್ಲ. ಶುರುವಿನ ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. ಈಗ ಹಾಗಿಲ್ಲ, ಒಳ್ಳೆಯ ಅಂಕ ತೆಗೆಯುತ್ತದೆ. ಮನೆಯಲ್ಲಿ ಒಂದೇ ಕಂಪ್ಯೂಟರ್, ಬ್ಯಾಂಕು, ಮೇಲ್, ಯೂಟ್ಯೂಬ್, ಮಕ್ಕಳ ಪಾಠ, ಇಷ್ಟೇ ಬಳಕೆ ಇರುವವರಿಗೆ ಇದು ಸಾಕು.

ದುಡ್ಡು ಕೊಟ್ಟು ಕೊಳ್ಳುವುದು ದಂಡ ಅಂತ ಅರ್ಥವಲ್ಲ. ಮೂರ್ನಾಲ್ಕು ಕಂಪ್ಯೂಟರು, ಫೋನುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕು, ತೊಂದರೆಯಾದರೆ ಫೋನಿನಲ್ಲಿ ಸಹಾಯ ಸಿಗಬೇಕು ಅನ್ನುವವರಿಗೆ ಅದರಿಂದ ಉಪಯೋಗವಿದೆ. ನಮ್ಮ ದೇಶದವೇ ಇವೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈನ ಇ-ಸ್ಕ್ಯಾನ್. ಹೊರಗಿನವು ಬಿಟ್‌ಡಿಫೆಂಡರ್, ಇಸೆಟ್, ನಾರ್ಟನ್ ಇತ್ಯಾದಿ. ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ನಾಲ್ಕೂ ಈಗ ಒಂದೇ ಕಂಪನಿಯ ಕೈಯಲ್ಲಿವೆ. ಒಂದು ಬೇಡವೆಂದು ಇನ್ನೊಂದನ್ನು ಹಾಕಿಕೊಳ್ಳುವವರಿಗೆ ಇದು ತಿಳಿದಿರಲಿ.

ಯಾವುದು ಒಳ್ಳೆಯದು ಅನ್ನುವುದನ್ನು ಜಾಹೀರಾತಿನಿಂದ ತಿಳಿಯಲಾಗದು. ಅದಕ್ಕೆಂದೇ ಸ್ವತಂತ್ರ ಪರೀಕ್ಷಾ ಸಂಸ್ಥೆಗಳಿವೆ. ಆಗಲೇ ಹೇಳಿದ ಎವಿ-ಟೆಸ್ಟ್ ಒಂದು, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಇನ್ನೊಂದು. ಎವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6 ಅಂಕದಂತೆ ಒಟ್ಟು 18ಕ್ಕೆ ಅಂಕ ಕೊಡುತ್ತದೆ. ಎಷ್ಟು ವೈರಸ್ ಹಿಡಿಯಿತು, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡಿತು, ಎಷ್ಟು ಸಲ ಒಳ್ಳೆಯ ಫೈಲನ್ನು ಕಳ್ಳ ಅಂದಿತು. ಹೆಚ್ಚಿನವರು ಮೊದಲನೆಯ ಅಂಕ ಮಾತ್ರ ನೋಡುತ್ತಾರೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರಕ್ಕೆ ಎರಡನೆಯದೂ ಅಷ್ಟೇ ಮುಖ್ಯ. ಕಂಪ್ಯೂಟರ್ ತೆವಳುತ್ತಿದ್ದರೆ ಮನೆಯವರು ಬೇಸತ್ತು ಆಂಟಿವೈರಸ್ಸನ್ನೇ ಆಫ್ ಮಾಡಿಬಿಡುತ್ತಾರೆ.

ಕೊಳ್ಳುವಾಗ ಬೆಲೆಯ ಬಗ್ಗೆ ಒಂದು ಮಾತು. ಮೊದಲ ವರ್ಷಕ್ಕೆ ಭಾರೀ ರಿಯಾಯಿತಿ ತೋರಿಸಿ, ಎರಡನೇ ವರ್ಷ ಪೂರ್ತಿ ಬೆಲೆಯನ್ನು ಕಾರ್ಡಿನಿಂದ ತಾನಾಗಿಯೇ ಕಡಿತ ಮಾಡಿಕೊಳ್ಳುವ ಪದ್ಧತಿ ಇದೆ. ಸಣ್ಣ ಅಕ್ಷರದಲ್ಲಿ ಬರೆದಿರುವ ನವೀಕರಣದ ಬೆಲೆ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಡಬ್ಬಿ ಕೊಂಡರೆ ಎಷ್ಟು ಕಂಪ್ಯೂಟರಿಗೆ, ಎಷ್ಟು ವರ್ಷಕ್ಕೆ ಅನ್ನುವುದನ್ನು ಓದಿಕೊಳ್ಳಿ, ಬಿಲ್ ತಗೊಳ್ಳಿ. ಉಚಿತ ಅಂತ ಸಿಗುವುದನ್ನು ಹಾಕುವ ಮುನ್ನ ನಿಮ್ಮ ಮಾಹಿತಿಯನ್ನು ಅವರು ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಬಳಕೆದಾರರು ಯಾವ ಯಾವ ತಾಣ ನೋಡಿದರು ಅನ್ನುವ ಮಾಹಿತಿಯನ್ನು ಮಾರಿದ ಆರೋಪಕ್ಕೆ ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು.

ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ವಿಷಯ. ರಷ್ಯಾದ ಕ್ಯಾಸ್ಪರ್‌ಸ್ಕಿಯನ್ನು ಅಲ್ಲಿನ ಸರಕಾರ 2024ರಲ್ಲಿ ನಿಷೇಧಿಸಿತು. ಆ ವರ್ಷ ಸೆಪ್ಟೆಂಬರ್ 29ರಿಂದ ಅಲ್ಲಿ ಅದಕ್ಕೆ ಅಪ್‌ಡೇಟ್ ಕೊಡುವಂತಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ಉಳಿದಿದ್ದರೆ ತೆಗೆದುಹಾಕಿ.

ಮ್ಯಾಕ್ ಇರುವವರಿಗೆ ಆಪಲ್‌ನವರದೇ ಎಕ್ಸ್‌ಪ್ರೊಟೆಕ್ಟ್ ಒಳಗೇ ಇದೆ. ಸಿಸ್ಟಮ್ ಅಪ್‌ಡೇಟ್ ಆನ್ ಇಟ್ಟರೆ ಅದೂ ಹೊಸದಾಗುತ್ತಿರುತ್ತದೆ.

ಎರಡೆರಡು ಹಾಕಬೇಡಿ

ಒಂದಕ್ಕಿಂತ ಎರಡು ಮೇಲು ಅಂತ ಅನಿಸುವುದು ಸಹಜ. ಆದರೆ ಪ್ರತಿ ಆಂಟಿವೈರಸ್ಸೂ ಫೈಲ್ ತೆರೆಯುವ ಮುನ್ನ ಅದನ್ನು ತಾನೇ ಮೊದಲು ಹಿಡಿದು ನೋಡಬೇಕು ಅನ್ನುತ್ತದೆ. ಒಂದೇ ಗೇಟಿಗೆ ಇಬ್ಬರು ಕಾವಲುಗಾರರು ನಿಂತು ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಂಡರೆ ಬಂದ ನೆಂಟ ಹೊರಗೇ ನಿಲ್ಲಬೇಕು. ಕಂಪ್ಯೂಟರ್ ನಿಧಾನವಾಗುತ್ತದೆ, ಕೆಲವೊಮ್ಮೆ ಸ್ತಬ್ಧವಾಗುತ್ತದೆ. ಹೊರಗಿನ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುವುದು ಇದಕ್ಕೇ.

ತೊಂದರೆ ಶುರುವಾಗುವುದು ಹೊರಗಿನದರ ಚಂದಾ ಮುಗಿದಾಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವು ದಿನಗಳ ಅಥವಾ ಒಂದು ವರ್ಷದ ಪ್ರಾಯೋಗಿಕ ಆಂಟಿವೈರಸ್ ಹಾಕಿಯೇ ಕೊಡುತ್ತಾರೆ. ಅವಧಿ ಮುಗಿದ ಮೇಲೂ ಅದು ಜಾಗ ಬಿಡದೆ ಕೂತಿರಬಹುದು. ಮುಂದುವರಿಸುವುದಿದ್ದರೆ ದುಡ್ಡು ಕಟ್ಟಿ. ಇಲ್ಲವಾದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗಕ್ಕೆ ಹೋಗಿ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಡಿಫೆಂಡರ್ ತಾನಾಗಿ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಮಾಡಿದ್ದು ಇಷ್ಟೇ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಆ ತಾರೀಖನ್ನು ನೋಡುವುದು ಹೇಗೆ?

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒತ್ತಿ. ಈಗ ಗೇಟಿನಲ್ಲಿ ನಿಂತಿರುವುದು ಯಾರು ಎಂದು ಅಲ್ಲೇ ತಿಳಿಯುತ್ತದೆ. ಬೇರೆ ಕಂಪನಿಯದ್ದಾದರೆ ಅದರ ಹೆಸರು ಇರುತ್ತದೆ. ಡಿಫೆಂಡರ್ ಆಗಿದ್ದರೆ ಸ್ವಲ್ಪ ಕೆಳಗೆ ಕೊನೆಯ ಅಪ್‌ಡೇಟಿನ ದಿನ, ಗಂಟೆ ಕಾಣುತ್ತದೆ. ಇವತ್ತಿನದೋ ನಿನ್ನೆಯದೋ ಇದ್ದರೆ ಸರಿ. ಹಳೆಯದಿದ್ದರೆ ಅಲ್ಲೇ ಇರುವ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ.

ಒತ್ತಿದರೂ ಆಗುತ್ತಿಲ್ಲವೇ? ನಮ್ಮ ಮನೆಗಳಲ್ಲಿ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032 ಅಂತ. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕ ಏರ್ಪಡುವುದಿಲ್ಲ, ಅಪ್‌ಡೇಟೂ ಬರುವುದಿಲ್ಲ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿ ಬದಲಿಸಿದರೆ ಮುಗಿಯಿತು. ಇನ್ನೊಂದು ಕಾರಣ, ಸಿ ಡ್ರೈವ್ ಭರ್ತಿಯಾಗಿರುವುದು. ಹೊಸ ಪಟ್ಟಿ ಇಡಲು ಜಾಗವೇ ಇಲ್ಲದಿದ್ದರೆ ಏನು ಮಾಡೀತು?

ಮೊಬೈಲ್ ಹಾಟ್‌ಸ್ಪಾಟಿನಿಂದ ಇಂಟರ್ನೆಟ್ ಬಳಸುವವರು ಮೀಟರ್ಡ್ ಕನೆಕ್ಷನ್ ಅನ್ನುವ ಆಯ್ಕೆಯನ್ನು ನೋಡಿ. ಡೇಟಾ ಉಳಿಸಲು ಅದನ್ನು ಆನ್ ಮಾಡಿದರೆ ವಿಂಡೋಸ್ ಬಹುತೇಕ ಅಪ್‌ಡೇಟುಗಳನ್ನು ತಡೆಹಿಡಿಯುತ್ತದೆ. ತಿಂಗಳಿಗೊಮ್ಮೆಯಾದರೂ ಅದನ್ನು ಆಫ್ ಮಾಡಿ, ಡೇಟಾ ಜಾಸ್ತಿ ಉಳಿದಿರುವ ದಿನ ಅಪ್‌ಡೇಟಿಗೆ ಬಿಡಿ. ವಾರಕ್ಕೊಮ್ಮೆ ಮಾತ್ರ ತೆರೆಯುವ ಕಂಪ್ಯೂಟರಾದರೆ ಆನ್ ಮಾಡಿದ ಕೂಡಲೇ ಬ್ಯಾಂಕಿನ ಕೆಲಸ ಬೇಡ. ಅರ್ಧ ಗಂಟೆ ಬಿಟ್ಟು, ಕಾವಲುಗಾರ ಹೊಸ ಪಟ್ಟಿ ಓದಿಕೊಂಡ ಮೇಲೆ ಮಾಡಿ. ವಿಂಡೋಸ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಕಷ್ಟ. ಯುಪಿಎಸ್ ಇಲ್ಲದವರು ಕರೆಂಟ್ ತೆಗೆಯುವ ಹೊತ್ತು ನೋಡಿಕೊಂಡು ಶುರು ಮಾಡಿ.

ಇಂಟರ್ನೆಟ್ಟೇ ಇಲ್ಲದ ಕಂಪ್ಯೂಟರಿಗೂ ದಾರಿ ಇದೆ. ಡಿಫೆಂಡರಿನ ಪಟ್ಟಿಯನ್ನು ಮೈಕ್ರೋಸಾಫ್ಟ್ ತನ್ನ ತಾಣದಲ್ಲಿ ಬಿಡಿ ಫೈಲಾಗಿ ಇಟ್ಟಿದೆ. ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಹಾಕಬಹುದು.

ಪರದೆಯ ಮೂಲೆಯಲ್ಲಿ ಬರುವ ಸುಳ್ಳು ಕೂಗು

"ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ, ಈಗಲೇ ನವೀಕರಿಸಿ" ಎಂದು ಬಲಗಡೆ ಮೂಲೆಯಲ್ಲಿ ಮತ್ತೆ ಮತ್ತೆ ಬರುತ್ತಿದೆಯೇ? ನೀವು ಹಾಕಿಸಿಯೇ ಇಲ್ಲದ ಕಂಪನಿಯ ಲೋಗೋ ಇದೆಯೇ? ಅದು ಆಂಟಿವೈರಸ್ ಕಳಿಸಿದ್ದಲ್ಲ. ಯಾವತ್ತೋ ಸಿನಿಮಾ ಹುಡುಕುವಾಗಲೋ ಫಲಿತಾಂಶ ನೋಡುವಾಗಲೋ ಒಂದು ತಾಣ "ಅಲೋ" (Allow, ಅಂದರೆ ಅನುಮತಿ ಕೊಡಿ) ಒತ್ತಿ ಅಂದಿರುತ್ತದೆ, ನೀವು ಒತ್ತಿರುತ್ತೀರಿ. ಅಂದಿನಿಂದ ನಿಮ್ಮ ಪರದೆಗೆ ಚೀಟಿ ಕಳಿಸುವ ಹಕ್ಕು ಅದಕ್ಕೆ ಸಿಕ್ಕಿದೆ. ಚೀಟಿಯನ್ನು ಗಮನವಿಟ್ಟು ನೋಡಿದರೆ ಬ್ರೌಸರಿನ ಹೆಸರು, ಯಾವುದೋ ತಾಣದ ವಿಳಾಸ ಸಣ್ಣದಾಗಿ ಕಾಣುತ್ತದೆ.

ಅದರ ಮೇಲೆ ಒತ್ತಬೇಡಿ. ಕ್ರೋಮ್ ಆದರೆ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಹೋಗಿ. ಅನುಮತಿ ಪಡೆದ ತಾಣಗಳ ಸಾಲು ಸಿಗುತ್ತದೆ. ಪರಿಚಯವಿಲ್ಲದ್ದನ್ನೆಲ್ಲ ತೆಗೆದುಹಾಕಿ. ಕೂಗು ಅಲ್ಲಿಗೇ ನಿಲ್ಲುತ್ತದೆ.

ಇದರ ಅಣ್ಣನೊಬ್ಬ ಇದ್ದಾನೆ. ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, "ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ" ಅನ್ನುತ್ತಾನೆ. ನಿಜವಾದ ಆಂಟಿವೈರಸ್ ಎಚ್ಚರಿಕೆಯ ಜೊತೆ ಫೋನ್ ನಂಬರ್ ಕೊಟ್ಟು ಕರೆ ಮಾಡಿ ಅನ್ನುವುದಿಲ್ಲ. ಅದು ಬರೀ ಒಂದು ವೆಬ್ ಪುಟ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ. ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ಮುಚ್ಚಿ. ಕರೆ ಮಾಡಿದರೆ ಆ ಕಡೆಯವರು ದೂರದಿಂದಲೇ ಪರದೆ ನೋಡುವ ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ಕಚೇರಿಗಳಲ್ಲಿ ನ್ಯಾಯವಾಗಿ ಬಳಸುವಂಥದ್ದು. ಹಾಗಾಗಿ ಎಷ್ಟೋ ಸಲ ಆಂಟಿವೈರಸ್ ತಡೆಯುವುದಿಲ್ಲ. ನೀವೇ ಹೇಳಿದ ಒಟಿಪಿಯನ್ನೂ ಅದು ತಡೆಯಲಾರದು.

ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವ್, ಪುಕ್ಕಟೆ ಕ್ರ್ಯಾಕ್

ಪ್ರಿಂಟ್ ತೆಗೆಸಲು ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಹೊತ್ತು ಶಾರ್ಟ್‌ಕಟ್ ಆಗಿರುವುದನ್ನು ಕಂಡಿದ್ದೀರಾ? ದಿನವಿಡೀ ನೂರಾರು ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರಿನಿಂದ ಬಂದ ವರ್ಮ್ ಅದು. ನಿಜವಾದ ಫೋಲ್ಡರುಗಳನ್ನು ಅದು ಅಳಿಸಿರುವುದಿಲ್ಲ, ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವರ್ಮೂ ಓಡುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಒತ್ತದೆ, ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಫೈಲು ಹೋಯಿತೆಂದು ಫಾರ್ಮ್ಯಾಟ್ ಮಾಡಬೇಡಿ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಮಾಡಿದರೆ ಸಾಮಾನ್ಯವಾಗಿ ಎಲ್ಲವೂ ಅಲ್ಲೇ ಇರುತ್ತವೆ.

ಕ್ರ್ಯಾಕ್, ಅಂದರೆ ಲೈಸೆನ್ಸ್ ಮುರಿದು ಹಂಚುವ ಕಳ್ಳ ಪ್ರತಿಯ ವಿಷಯ ಇನ್ನೂ ಗಂಭೀರ. ಪುಕ್ಕಟೆ ಫೋಟೋಶಾಪ್, ಆಫೀಸ್ ಹಾಕುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಬರೆದಿರುತ್ತಾರೆ. ಮನೆಗೆ ಬರುವವನು ನಾಯಿಯನ್ನು ಕಟ್ಟಿಹಾಕಿ ಅಂದರೆ ಒಪ್ಪಬಹುದು. ಕಾವಲುಗಾರನನ್ನೇ ರಜೆ ಮೇಲೆ ಕಳಿಸಿ ಅಂದರೆ ಯಾಕೆ ಎಂದು ಕೇಳಬೇಕಲ್ಲವೇ? ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳು ಮನೆ ಕಂಪ್ಯೂಟರಿಗೆ ಬರುವ ಹೆದ್ದಾರಿಗಳಲ್ಲಿ ಇದೂ ಒಂದು. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್ ಉಚಿತವಾಗಿ, ನ್ಯಾಯವಾಗಿ ಸಿಗುತ್ತದೆ, ಕನ್ನಡವೂ ಚೆನ್ನಾಗಿ ಮೂಡುತ್ತದೆ.

ವಿಂಡೋಸ್ 10 ಇರುವವರು ಏನು ಮಾಡಬೇಕು?

ಡಿಫೆಂಡರಿನ ಕಳ್ಳರ ಪಟ್ಟಿ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ನಿಂತಿರುವುದು ಗೋಡೆಯ ರಿಪೇರಿ. ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ ಅದು ಗೇಟಿನಲ್ಲಿ ನಿಲ್ಲುತ್ತದೆಯೇ ಹೊರತು ಬಿರುಕಿಗೆ ಗಾರೆ ಮೆತ್ತುವುದಿಲ್ಲ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಂಟಿವೈರಸ್ ಒಂದರಿಂದಲೇ ಸಾಕಾಗುವುದಿಲ್ಲ.

ರಿಪೇರಿ ಮುಂದುವರಿಸಲು ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆ ಬಳಕೆದಾರರಿಗೆಂದು ಮೈಕ್ರೋಸಾಫ್ಟ್ ಇದನ್ನು ಪ್ರಕಟಿಸಿದ್ದು 2026ರ ಅಕ್ಟೋಬರ್ 13ರ ತನಕ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಬಹುದು, ಮೈಕ್ರೋಸಾಫ್ಟ್ ಖಾತೆ ಬೇಕು. ಯಂತ್ರ ಒಪ್ಪಿದರೆ ವಿಂಡೋಸ್ 11ಕ್ಕೆ ಏರುವುದು ಉಚಿತ. ಒಪ್ಪದ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನಂಥ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಬ್ರೌಸರ್, ವಿಡಿಯೋಗೆ ಬಳಸಬಹುದು. ಬ್ಯಾಂಕಿನ ಕೆಲಸವನ್ನು ಮಾತ್ರ ರಿಪೇರಿ ನಿಂತ ಯಂತ್ರದಲ್ಲಿ ಮಾಡಬೇಡಿ.

ವೈರಸ್ ಬಂದೇಬಿಟ್ಟರೆ

ಮೊದಲು ಇಂಟರ್ನೆಟ್ ತಪ್ಪಿಸಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಎಳೆಯಿರಿ. ಬ್ಯಾಂಕ್, ಮೇಲ್ ಪಾಸ್‌ವರ್ಡ್‌ಗಳನ್ನು ಕೂಡಲೇ ಬದಲಿಸಿ, ಆದರೆ ಆ ಕಂಪ್ಯೂಟರಿನಲ್ಲಿ ಬೇಡ, ಬೇರೆ ಫೋನಿನಿಂದ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು ಕಾಲು ಗಂಟೆ ಹಿಡಿಯುತ್ತದೆ. ವಿಂಡೋಸ್ ಎದ್ದ ಮೇಲೆ ಅಡಗುವ ವೈರಸ್ಸುಗಳು ಆಗ ಅಡಗಲಾರವು. ಭಾರತ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಸ್ವಚ್ಛ ಮಾಡುವ ಉಚಿತ ತಂತ್ರಾಂಶಗಳನ್ನು ತನ್ನ ತಾಣದಲ್ಲಿ ಇಟ್ಟಿದೆ.

ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡು ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು.

ರಾನ್ಸಮ್‌ವೇರ್ ಬೀಗ ಹಾಕಿದ್ದರೆ ದುಡ್ಡು ಕಟ್ಟಬೇಡಿ, ಕಟ್ಟಿದರೂ ಬೀಗದಕೈ ಸಿಗುವ ಖಾತರಿಯಿಲ್ಲ. ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ. ಯುರೋಪಿನ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ಎಷ್ಟೋ ಬಗೆಯ ರಾನ್ಸಮ್‌ವೇರ್‌ಗೆ ಬೀಗದಕೈ ಉಚಿತವಾಗಿ ಸಿಗುತ್ತದೆ. ಇವತ್ತು ಇಲ್ಲದ್ದು ಮುಂದಿನ ವರ್ಷ ಸಿಗಬಹುದು. ಮಕ್ಕಳ ಫೋಟೋ, ಜಮೀನಿನ ದಾಖಲೆಗಳ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಇದ್ದರೆ ಈ ಸಂಕಟವೇ ಇಲ್ಲ. ಆದರೆ ಪ್ರತಿ ತೆಗೆದ ಮೇಲೆ ಆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿ ಇಡಿ. ಚುಚ್ಚಿಯೇ ಬಿಟ್ಟಿದ್ದರೆ ಅದಕ್ಕೂ ಬೀಗ ಬೀಳುತ್ತದೆ.

ಏನು ಮಾಡಿದರೂ ಹೋಗದಿದ್ದರೆ ಉಳಿಯುವುದು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ಅಂಗಡಿಯಲ್ಲಿ ಮಾಡಿಸಿದರೆ ಕ್ರ್ಯಾಕ್ ಮಾಡಿದ ವಿಂಡೋಸ್ ಬೇಡವೆಂದು ಮೊದಲೇ ಹೇಳಿ. ಲ್ಯಾಪ್‌ಟಾಪ್ ಜೊತೆಗೇ ಅಸಲಿ ವಿಂಡೋಸ್ ಬಂದಿದ್ದರೆ, ಅದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್ನೆಟ್ ಕೊಟ್ಟ ಕೂಡಲೇ ಅದರ ಲೈಸೆನ್ಸ್ ಸಾಮಾನ್ಯವಾಗಿ ತಾನಾಗಿ ಬರುತ್ತದೆ. ಮನೆಗೆ ತಂದ ಮೇಲೆ ಹಳೆಯ ಪೆನ್‌ಡ್ರೈವ್ ಚುಚ್ಚಲು ಅವಸರ ಮಾಡಬೇಡಿ. ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲಿ, ಡಿಫೆಂಡರಿನಲ್ಲಿ ಇವತ್ತಿನ ತಾರೀಖು ಕಾಣಲಿ. ಆಮೇಲೆ ಪೆನ್‌ಡ್ರೈವ್ ಹಾಕಿ, ಮೊದಲು ಸ್ಕ್ಯಾನ್ ಮಾಡಿ, ನಂತರ ಫೈಲುಗಳನ್ನು ಒಳಗೆ ತಗೊಳ್ಳಿ.